ತಕ್ಕಡಿಯ ನೆಲದಲ್ಲಿ ಎಣ್ಣೆ

ಫೆಬ್ರವರಿ 9

ಪುಟ್ಟಿಗೆ,

ಇಲ್ಲ, ನಿನ್ನೆ ಫೋನಿನಲ್ಲಿ ನೀನು ಅಂದದ್ದು ಸರಿಯಲ್ಲ. ಇಪ್ಪತ್ತೊಂದು ವರ್ಷವಾಯಿತು ಬಿಡಿ ಅಪ್ಪ ಎಂದೆಯಲ್ಲ, ವರ್ಷಗಳೇನು ಮಾತ್ರೆಯೇ, ಹೊತ್ತಿಗೊಂದರಂತೆ ನುಂಗಿ ವಾಸಿಯಾಗಲು. ಅದೂ ಅಲ್ಲದೆ ನಿನ್ನ ಅರ್ಧ ಮಾತು ನನಗೆ ಕೇಳಿಸಲೇ ಇಲ್ಲ. ಎಡಗಿವಿ ಹೋಗಿದೆ, ಬಲಗಿವಿ ತನಗೆ ಬೇಕಾದ್ದನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಓದಿ ಹರಿದುಹಾಕು.

ತಕ್ಕಡಿ ತನ್ನ ನೆಲ ಮಾರುತ್ತಿದ್ದಾನೆ ಎಂದು ನಾನು ಹೇಳಿದಾಗ ನೀನು "ಯಾರು" ಎಂದೆ. ಆ ಒಂದು ಮಾತು ಚೆನ್ನಾಗಿ ಕೇಳಿಸಿತು ನೋಡು. ಯಾರು ಎಂದು ಹೇಳುತ್ತೇನೆ. ನಮ್ಮ ಪ್ರಯೋಗಾಲಯದಲ್ಲಿ ಮಣ್ಣಿನ ವಿಭಾಗಕ್ಕೆ ಅವನು ಮುಖ್ಯಸ್ಥ, ನೀರಿನ ವಿಭಾಗಕ್ಕೆ ನಾನು. ನಡುವೆ ಒಂದು ಓಣಿ. ತೂಕದ ಯಂತ್ರವನ್ನು ಅವನನ್ನು ಬಿಟ್ಟು ಬೇರೆ ಯಾರೂ ಮುಟ್ಟುವಂತಿರಲಿಲ್ಲ, ಆದ್ದರಿಂದ ಎಲ್ಲರ ಬಾಯಲ್ಲೂ ತಕ್ಕಡಿ. ಊಟದ ಡಬ್ಬಿಯ ಮುಚ್ಚಳವನ್ನೂ ಎರಡು ಬೆರಳಲ್ಲಿ ಎತ್ತುತ್ತಿದ್ದ, ಮಿಲಿಗ್ರಾಂ ಉದುರಿ ಹೋದೀತು ಎಂಬಂತೆ.

ನಿನಗಾಗ ಹದಿಮೂರು. ಬಸ್ ವರ್ಕ್‌ಶಾಪಿನ ಹಿಂದಿನ ಜಾಗದಲ್ಲಿ ನಿನ್ನ ಅಮ್ಮ ಸಸಿ ಬೆಳೆಸುತ್ತಿದ್ದದ್ದು ನೆನಪಿರಬೇಕು. ಹನ್ನೊಂದು ವರ್ಷ ಎಲೆ ಕೊಳೆಸಿ, ಬೇರು ಕೊಳೆಸಿ, ಜಲ್ಲಿಯಂತಿದ್ದ ನೆಲವನ್ನು ಕಪ್ಪಗೆ ಮಾಡಿದ್ದಳು. ವರ್ಕ್‌ಶಾಪಿನ ಎಣ್ಣೆ ಇಳಿದಿರಬಹುದು ಎಂದು ಯಾರೋ ದೂರು ಕೊಟ್ಟರು. ಮಣ್ಣು ಪರೀಕ್ಷೆಗೆ ಬಂತು. ತಕ್ಕಡಿ ಅದಕ್ಕೆ ಹೆಕ್ಸೇನ್ ಸುರಿದ, ಜಿಡ್ಡು ತೆಗೆದ, ಹೆಕ್ಸೇನನ್ನು ಆರಿಸಿದ, ಬಟ್ಟಲಲ್ಲಿ ಉಳಿದದ್ದನ್ನು ತೂಗಿದ, ಅಷ್ಟೂ ಪೆಟ್ರೋಲಿಯಂ ಎಂದು ಸಹಿ ಹಾಕಿದ. ನಡುವೆ ಒಂದು ಹೆಜ್ಜೆ ಇತ್ತು. ಆ ಜಿಡ್ಡನ್ನು ಸಿಲಿಕಾ ಜೆಲ್ ಮೇಲೆ ಹಾಯಿಸಬೇಕಿತ್ತು. ಕೊಳೆತ ಎಲೆಯ ಜಿಡ್ಡು ಆ ಬಿಳಿ ಹರಳಿಗೆ ಅಂಟಿಕೊಳ್ಳುತ್ತದೆ, ಎಣ್ಣೆ ಮಾತ್ರ ದಾಟಿ ಬರುತ್ತದೆ. ಅದನ್ನು ಮಾಡಲಿಲ್ಲ. ಜೆಲ್ ಮುಗಿದಿತ್ತಂತೆ. ಮೂರು ವಾರ ಕಾದಿದ್ದರೆ ಬರುತ್ತಿತ್ತು.

ಈಗ ಕೇಳು. ಅವನು ಮಾರುತ್ತಿರುವ ನೆಲ ಹಿಂದೆ ಕೆರೆಯಂಗಳ. ತಲೆಮಾರುಗಟ್ಟಲೆ ಜೊಂಡು ಕೊಳೆತ ಹೂಳು. ಪಕ್ಕದಲ್ಲಿ ಒಂದಾನೊಂದು ಕಾಲಕ್ಕೆ ಲಾರಿ ಗ್ಯಾರೇಜ್ ಇತ್ತು, ಆದ್ದರಿಂದ ಕೊಳ್ಳುವವರು ಮಣ್ಣಿನ ಪರೀಕ್ಷೆ ಕೇಳಿದ್ದಾರೆ. ಪರೀಕ್ಷೆ ಬರುವುದು ನಿನ್ನ ಮೇಜಿಗೆ. ನಾನು ಸುಳ್ಳು ಬರೆ ಎನ್ನುತ್ತಿಲ್ಲ ಮಗು. ಒಂದೂ ಅಂಕಿ ತಿದ್ದಬೇಡ. ಆ ಒಂದು ಹೆಜ್ಜೆ ಬಿಟ್ಟುಬಿಡು, ಅಷ್ಟೇ. ಜೆಲ್ ಮುಗಿದಿತ್ತು ಎನ್ನು. ಅವನಿಗೆ ಆ ವಾಕ್ಯ ಚೆನ್ನಾಗಿ ಅರ್ಥವಾಗುತ್ತದೆ.

ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಒಂದು ಪೀರಿಯಡ್ ಪೂರ್ತಿ ನಿಂತು, ರಿವೆಂಜ್ ಬೇರೆ, ಅವೆಂಜ್ ಬೇರೆ ಎಂದು ಹೇಳಿಕೊಟ್ಟಿದ್ದರು. ಒಂದು ತನಗಾಗಿ ಮಾಡುವುದು, ಇನ್ನೊಂದು ಬೇರೆಯವರಿಗಾಗಿ. ಒಂದು ಕೀಳು, ಒಂದು ಮೇಲು. ಯಾವುದು ಯಾವುದು ಎಂದು ಮರೆತೇಹೋಗಿದೆ. ನಾನು ಮಾಡುತ್ತಿರುವುದು ಮೇಲಿನದು ಎಂದಿಟ್ಟುಕೋ.

ಅಳಿಯಂದಿರಿಗೆ ಹೇಳಬೇಡ. ಅವರಿಗೆ ಎಲ್ಲದಕ್ಕೂ ನಗು.

ನಿನ್ನ ಅಪ್ಪ


ಫೆಬ್ರವರಿ 22

ಅಪ್ಪ,

ನಿಮ್ಮ ಪತ್ರ ಹರಿಯಲಿಲ್ಲ. ಹರಿದುಹಾಕಬೇಕಾದಂಥದ್ದನ್ನು ಬರೆಯಬೇಡಿ. ಮೂರು ಸಲ ಓದಿದೆ. ಮೊದಲ ಸಲ ನಗು ಬಂತು, ಎರಡನೇ ಸಲ ಬರಲಿಲ್ಲ, ಮೂರನೇ ಸಲ ಓದಿ ಮಡಿಸಿ ಬೀರುವಿನಲ್ಲಿಟ್ಟೆ.

ಆಗುವುದಿಲ್ಲ. ನಮ್ಮಲ್ಲಿ ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡುತ್ತಾರೆ ಎಂಬ ಕಾರಣಕ್ಕಲ್ಲ. ಯಾರೂ ನೋಡದಿದ್ದರೂ ಆಗುವುದಿಲ್ಲ. ಒಂದು ಹೆಜ್ಜೆ ಬಿಡು, ಅಷ್ಟೇ ಎನ್ನುತ್ತೀರಿ. ಅಮ್ಮನ ಮಣ್ಣಿಗೂ ಬಿಟ್ಟಿದ್ದು ಆ ಒಂದೇ ಹೆಜ್ಜೆ.

ಈ ನೆಲದವರು ಅಪ್ಪನ ಹಳೆಯ ಸಹೋದ್ಯೋಗಿ, ನಮಗೂ ಅವರಿಗೂ ಸರಿಯಿಲ್ಲ ಎಂದು ನಮ್ಮ ಮುಖ್ಯಸ್ಥರಿಗೆ ಹೇಳಿದೆ. "ಇಲ್ಲಿ ಮಣ್ಣು ನೋಡೋಕೆ ಬೇರೆ ಯಾರಿದ್ದಾರಮ್ಮ, ನೀವು ಮಾಡಿ, ನಾನು ಪಕ್ಕದಲ್ಲಿ ಕೂತು ಇನ್ನೊಂದು ಸಲ ನೋಡ್ತೀನಿ" ಎಂದರು. ಆದ್ದರಿಂದ ಮಾಡುತ್ತೇನೆ, ಸರಿಯಾಗಿ ಮಾಡುತ್ತೇನೆ. ಮಾರ್ಚ್ ಕೊನೆಗೆ ಸ್ಯಾಂಪಲ್ ತೆಗೆಯಲು ಬರುತ್ತೇವೆ.

ಇನ್ನೊಂದು ಮಾತು. ಜೆಲ್ ಮುಗಿದಿತ್ತು ಎಂದು ನಾನು ಚಿಕ್ಕವಳಿದ್ದಾಗಿನಿಂದ ಕೇಳುತ್ತಿದ್ದೇನೆ. ಈ ಕೆಲಸಕ್ಕೆ ಸೇರಿದ ಮೇಲೆ ಒಂದು ವಿಷಯ ತಲೆಗೆ ಹೊಳೆಯಿತು. ನೀರಿನಲ್ಲಿ ಎಣ್ಣೆ ನೋಡುವುದಕ್ಕೂ ಅದೇ ಜೆಲ್ ಬೇಕಲ್ಲ. ನಿಮ್ಮ ವಿಭಾಗದಲ್ಲೂ ಮುಗಿದಿತ್ತೇ? ಸುಮ್ಮನೆ ಕೇಳಿದೆ.

ಬಿಪಿ ಮಾತ್ರೆ ತಪ್ಪಿಸಬೇಡಿ. ಇವರು ನಗಲಿಲ್ಲ, ನಾನು ಹೇಳಲೇ ಇಲ್ಲ.

ಪುಟ್ಟಿ


ಮಾರ್ಚ್ 11

ಪುಟ್ಟಿಗೆ,

ಸರಿಯಮ್ಮ, ನೀನು ದೊಡ್ಡವಳಾದೆ, ಸರ್ಟಿಫಿಕೇಟಿನವಳಾದೆ. ಒಳ್ಳೆಯದೇ. ನಾನೇ ಓದಿಸಿದ್ದು, ಅನುಭವಿಸಬೇಕು.

ಆದರೆ ನೀನು ಆ ದಿನ ಶಾಲೆಯಲ್ಲಿದ್ದೆ. ನಾನು ಅಲ್ಲಿದ್ದೆ. ನೀನು ಕೇಳದಿದ್ದರೂ ಹೇಳುತ್ತೇನೆ. ನಮ್ಮವರದೇ ವರದಿ ಇಟ್ಟುಕೊಂಡು ಅಮ್ಮನ ಮಣ್ಣನ್ನು ಆಳುದ್ದ ಅಗೆದು ಒಯ್ದರು. ಅಮ್ಮ ಒಂದು ಕುಂಡವನ್ನು ಕವುಚಿ ಹಾಕಿ ಅದರ ಮೇಲೆ ಕುಳಿತು ಲಾರಿ ಎಣಿಸಿದಳು. ಹದಿನಾಲ್ಕು. ಕೊನೆಯ ಲಾರಿಯ ಡ್ರೈವರನ ಮೂಗಿನ ಹತ್ತಿರ ಒಂದು ಹಿಡಿ ಮಣ್ಣು ಹಿಡಿದಳು.

"ಮೂಸಿ ನೋಡಪ್ಪ. ಎಣ್ಣೆ ವಾಸನೆ ಬರುತ್ತಾ?"

ಅವನು ಪಾಪ, ನಿಜವಾಗಿಯೂ ಮೂಸಿದ. "ಇಲ್ಲಮ್ಮ. ಮಳೆ ಬಿದ್ದ ಹಾಗಿದೆ."

"ಮತ್ತೆ ಯಾಕೆ ಒಯ್ತೀಯ?"

"ಕಾಗದದಲ್ಲಿ ಬರೆದಿದ್ದಾರಲ್ಲಮ್ಮ."

ಮನೆಗೆ ಬಂದು ಕೈ ತೊಳೆದುಕೊಳ್ಳಲಿಲ್ಲ. ಹಾಗೇ ಅಡುಗೆ ಮನೆಯ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದಳು: "ನಿಮ್ಮ ಆಫೀಸಿನಲ್ಲಿ ಮೂಗಿರುವವರು ಯಾರೂ ಇಲ್ಲವೇ?" ತಕ್ಕಡಿ ಎಂಥವನು ಎಂದು ಹೇಳಿದೆ. ಅಂದಿನಿಂದ ಆರು ವರ್ಷ, ಅವಳು ಹೋಗುವವರೆಗೆ, ಅದನ್ನೇ ಹೇಳಿದೆ. ಅವಳು ಒಂದು ತಗಡಿನ ಡಬ್ಬಿಯಲ್ಲೂ ಮತ್ತೆ ಬೀಜ ಹಾಕಲಿಲ್ಲ. ಬಾಲ್ಕನಿಗೆ ಬಂದರೆ ಎದುರು ಮನೆಯವರ ಬಳ್ಳಿಯ ಕಡೆ ಬೆನ್ನು ಮಾಡಿ ಕೂರುತ್ತಿದ್ದಳು. ನೀನು ಓದಿಕೊಂಡಿದ್ದೆ, ನಿನಗೆ ಕಾಣಿಸಲಿಲ್ಲ. ಎದುರಿಗೆ ಕೂತವನಿಗೆ ಕಾಣಿಸುತ್ತಿತ್ತು.

ಅವನು ಒಂದು ಸಲವಾದರೂ ಬಂದು, ತಪ್ಪಾಯಿತಮ್ಮ ಎನ್ನಬಹುದಿತ್ತು. ಬರಲಿಲ್ಲ. ಅವನ ಬೀಳ್ಕೊಡುಗೆಯ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. "ಎ ಮ್ಯಾನ್ ಆಫ್ ಪ್ರಿಸಿಷನ್" ಎಂದು ಡೈರೆಕ್ಟರು ಇಂಗ್ಲಿಷಿನಲ್ಲಿ ಹೊಗಳಿದರು. ನಾನು ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ನಿಂತಿದ್ದೆ.

ಇರಲಿ. ಬೇಸಿಗೆ ಕಳೆಯಲೆಂದು ಟೆರೇಸಿನ ಮೇಲೆ ಒಂದು ಸಣ್ಣ ಕೆಲಸ ಹಚ್ಚಿಕೊಂಡಿದ್ದೇನೆ. ನಾಲ್ಕು ಅಗಲವಾದ ತಟ್ಟೆ, ಮೇಲೆ ಬಿಸಿಲು. ಅದಕ್ಕೂ ಕೆಳಗಿನ ಮನೆಯಾಕೆ ಜಗಳಕ್ಕೆ ಬಂದಳು.

"ಏನಜ್ಜಾ, ಮೇಲೆ ಗ್ಯಾರೇಜ್ ತೆಗೆದಿದ್ದೀರಾ? ಬಟ್ಟೆ ಒಣಗಿಸೋ ಹಾಗಿಲ್ಲ, ಒಂದೇ ವಾಸನೆ."

"ಕೀಲುನೋವಿಗೆ ಎಣ್ಣೆ ಕಾಯಿಸ್ತಿದ್ದೀನಮ್ಮ."

"ಯಾರ ಕೀಲಿಗೆ, ಬಸ್ಸಿನ ಕೀಲಿಗಾ?"

ಬಾಯಿ ಜೋರು, ಆದರೆ ಮೂಗು ಚುರುಕು. ಅಂಥವಳೊಬ್ಬಳು ನಮ್ಮ ಆಫೀಸಿನಲ್ಲಿರಬೇಕಿತ್ತು.

ನಿನ್ನ ಅಪ್ಪ


ಏಪ್ರಿಲ್ 3

ಅಪ್ಪ,

ಊರಿಗೆ ಬಂದೂ ಮನೆಗೆ ಬರಲಿಲ್ಲ ಎಂದು ಬೇಜಾರು ಬೇಡ. ಬೇಕೆಂದೇ ಬರಲಿಲ್ಲ. ಅವರ ಮಣ್ಣಿನ ಬಾಟಲಿಗಳನ್ನು ಗಾಡಿಯಲ್ಲಿಟ್ಟುಕೊಂಡು ನಿಮ್ಮ ಮನೆಯ ಮುಂದೆ ನಿಲ್ಲಿಸುವುದು ನನಗೆ ಸರಿಕಾಣಲಿಲ್ಲ.

ಹನ್ನೊಂದು ಕಡೆ ಕೊರೆದೆವು. ನೀವು ಹೇಳಿದ್ದು ನಿಜ, ಕಪ್ಪು ಹೂಳು, ಜೊಂಡಿನ ನಾರು ಇನ್ನೂ ಕಾಣುತ್ತದೆ. ಅವರು ಎದುರಿನ ಕಟ್ಟಡದಲ್ಲೇ ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದಾರೆ. ಕೊಡೆ ಹಿಡಿದುಕೊಂಡು ಕೆಳಗಿಳಿದು ಬಂದರು. ನನ್ನ ಮುಖ ನೋಡಿದ ಕೂಡಲೇ, "ನೀನು ನೀರಿನ ವಿಭಾಗದವರ ಮಗಳಲ್ವೇನಮ್ಮ? ಹಣೆ ಹಾಗೇ ಇದೆ" ಎಂದರು. ಹೌದು ಎಂದೆ.

"ಅಪ್ಪ ಹೇಗಿದ್ದಾರೆ? ಇನ್ನೂ ನನ್ನ ಬೈತಾರಾ?"

ನಾನು ಮುಂದಿನ ಬಾಟಲಿಯ ಮುಚ್ಚಳ ತೆಗೆದೆ. ಅವರೇ, "ಬೈಲಿ ಬಿಡು, ವಯಸ್ಸಾದವರಿಗೆ ಒಂದು ಕೆಲಸ ಬೇಕು" ಎಂದು ನಕ್ಕರು. ಅವರ ಹೆಂಡತಿಗೆ ಪಾರ್ಶ್ವವಾಯು. ಎರಡು ವರ್ಷದಿಂದ ಮೆಟ್ಟಿಲಿಳಿದಿಲ್ಲವಂತೆ. ಈ ನೆಲ ಮಾರಿ ಎಲ್ಲಾದರೂ ನೆಲಮಟ್ಟದ ಮನೆ ಕೊಳ್ಳಬೇಕು ಎಂಬುದು ಅವರ ಆಸೆ. "ಇಲ್ಲೇ ಕಟ್ಟಿಸಬಹುದಲ್ಲ ಸರ್" ಎಂದೆ. "ಹೂಳು ನೆಲ, ಪಾಯ ನಿಲ್ಲಿಸೋಕೇ ವರ್ಷ ಬೇಕು. ಅಷ್ಟು ಪುರುಸೊತ್ತು ಅವಳಿಗಿಲ್ಲ" ಎಂದರು.

ಫಲಿತಾಂಶವನ್ನು ನಿಮಗೆ ಹೇಳಬಾರದು. ಆದರೂ ಹೇಳುತ್ತೇನೆ, ನೀವು ಕಾಯುತ್ತಿರುವುದು ಇನ್ನಾದರೂ ನಿಲ್ಲಲಿ ಎಂದು. ಜೆಲ್ ಇಲ್ಲದೆ ನೋಡಿದರೆ ಅಂಕಿ ಮಿತಿಗಿಂತ ನಾಲ್ಕು ಪಟ್ಟು. ಜೆಲ್ ದಾಟಿಸಿದ ಮೇಲೆ ಉಳಿದದ್ದು ಜೆಲ್ಲಿಗೆ ಅಂಟದ ಚೂರು ಎಲೆಮೇಣ ಮಾತ್ರ. ನೆಲ ಶುದ್ಧವಾಗಿದೆ. ಆದರೆ ಕೊಳ್ಳುವವರು ಮೊದಲಿನ ಅಂಕಿ ಕಂಡು ಗಾಬರಿಯಾಗಿದ್ದಾರೆ. ಹಳೆಯ ಗ್ಯಾರೇಜಿಗೆ ತಾಗಿದ ಪಶ್ಚಿಮದ ಗೋಡೆಯ ಬಳಿ ಇನ್ನೊಂದು ಸಲ ತೆಗೆಯಿರಿ ಎಂದಿದ್ದಾರೆ. ಮೇ 6ಕ್ಕೆ ಹೋಗುತ್ತೇವೆ. ಅಲ್ಲಿಗೆ ಮುಗಿಯಿತು.

ನನ್ನ ಪ್ರಶ್ನೆಗೆ ನೀವು ಉತ್ತರ ಬರೆಯಲಿಲ್ಲ. ಜೆಲ್ಲಿನದು.

ಪುಟ್ಟಿ


ಏಪ್ರಿಲ್ 12

ಪುಟ್ಟಿಗೆ,

ಓದಿದೆ. ನಿನ್ನ ಕೆಲಸ ಅಚ್ಚುಕಟ್ಟು, ನನಗೆ ಅದರಲ್ಲಿ ಹೆಮ್ಮೆಯೇ. ನಾನು ಎಲ್ಲ ಬಿಟ್ಟುಬಿಟ್ಟೆ. ವಯಸ್ಸಾದವರಿಗೆ ಒಂದು ಕೆಲಸ ಬೇಕು ಎಂದನಂತಲ್ಲ, ನಿಜವೇ, ಬೇರೆ ಕೆಲಸ ಹುಡುಕಿಕೊಳ್ಳುತ್ತೇನೆ.

ಅವನಿಗೆ ನನ್ನ ಹಣೆ ನೆನಪಿದೆ ಎಂದಾಯಿತು. ಒಳ್ಳೆಯದು.

ಇಲ್ಲಿ ಬಿಸಿಲು ಚೆನ್ನಾಗಿದೆ.

ನಿನ್ನ ಅಪ್ಪ


ಮೇ 17

ಅಪ್ಪ,

ಫೋನ್ ಎತ್ತುತ್ತಿಲ್ಲ, ಕಿವಿಯ ನೆಪ ಬೇಡ. ಕುಳಿತು ಇದನ್ನು ನಿಧಾನವಾಗಿ ಓದಿ.

ನಿಮ್ಮ ಕಾಲದಲ್ಲಿ ಎಣ್ಣೆ ಎಂದರೆ ಬಟ್ಟಲಲ್ಲಿ ಉಳಿದ ತೂಕ. ತೂಕಕ್ಕೆ ಮುಖವಿಲ್ಲ. ನೀವು ನಿವೃತ್ತರಾದ ಮೇಲೆ ಬಂದ ಯಂತ್ರ ತೂಗುವುದಿಲ್ಲ, ಚಿತ್ರ ಬರೆಯುತ್ತದೆ. ಜಿಡ್ಡಿನಲ್ಲಿ ಏನೇನಿದೆಯೋ ಒಂದೊಂದಕ್ಕೂ ಒಂದು ಗೆರೆ, ಹಗುರವಾದದ್ದು ಮೊದಲು, ಭಾರದ್ದು ಕೊನೆಗೆ. ಎಲೆಯ ಮೇಣದಲ್ಲಿ ಗೆರೆಗಳು ಒಂದು ಬಿಟ್ಟು ಒಂದು ಎತ್ತರ. ಡೀಸೆಲ್ಲಿನಲ್ಲಿ ಹಾಗಲ್ಲ, ಬೇಲಿಯ ಗೂಟಗಳಂತೆ ಒತ್ತೊತ್ತಾಗಿ ಏರಿ ಇಳಿಯುತ್ತವೆ. ಪಶ್ಚಿಮದ ಗೋಡೆಯ ಬಳಿಯ ಮಣ್ಣಿನಲ್ಲಿ ಗೂಟಗಳಿದ್ದವು.

ಮೊದಲ ಭಾಗ ಮಾತ್ರ ಬೋಳು. ಹಗುರವಾದದ್ದೆಲ್ಲ ಹಾರಿಹೋಗಿದೆ. ಯಾರಾದರೂ ನೋಡಿದರೆ ಹಳೆಯದು, ಗ್ಯಾರೇಜಿನ ಕಾಲದ್ದು ಎನ್ನಬೇಕು. ನಮ್ಮ ಮುಖ್ಯಸ್ಥರೂ ಹಾಗೇ ಅಂದರು. ಆದರೆ ಅಪ್ಪ, ಇಪ್ಪತ್ತು ವರ್ಷ ನೆಲದಲ್ಲಿದ್ದ ಡೀಸೆಲ್ಲಿಗೆ ಗೂಟಗಳೇ ಇರುವುದಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಮೊದಲು ತಿನ್ನುವುದೇ ಗೂಟವಾಗಿ ಕಾಣುವ ಆ ನೆಟ್ಟನೆಯ ಅಣುಗಳನ್ನು. ಕೊಂಬೆಯೊಡೆದ ಅಣುಗಳ ಗೆರೆ ಎರಡು ಮೂರು ಉಳಿಯುತ್ತವೆ, ಕೆಳಗೆ ಒಂದು ಗುಡ್ಡದಂಥ ಉಬ್ಬು ಉಳಿಯುತ್ತದೆ. ಇಲ್ಲಿ ಗೂಟ ಒಂದೂ ಮುಕ್ಕಾಗಿಲ್ಲ. ಅಂದರೆ ಈ ಎಣ್ಣೆಯನ್ನು ಬಿಸಿಲು ಕಂಡಿದೆ, ನೆಲ ಕಂಡಿಲ್ಲ. ಒಂದು ಗೇಣಿನ ಕೆಳಗೆ ಏನೂ ಇಲ್ಲ.

ಡೀಸೆಲ್ಲನ್ನು ವಾರಗಟ್ಟಲೆ ತಟ್ಟೆಯಲ್ಲಿ ಒಣಗಿಸಿ ಆಮೇಲೆ ಸುರಿಯುವ ಬುದ್ಧಿ ಈ ಪ್ರಪಂಚದಲ್ಲಿ ಒಬ್ಬರಿಗೇ ಬಂದೀತು. ಕದಿಯುವವನೂ ಇಷ್ಟು ಶ್ರಮ ಪಡುವುದಿಲ್ಲ ಅಪ್ಪ.

ಮುಖ್ಯಸ್ಥರಿಗೆ ಚಿತ್ರದ ವಿಷಯ ಹೇಳಿದೆ. ತಟ್ಟೆಯ ವಿಷಯ ಹೇಳಲಿಲ್ಲ. ಈ ಜಾಗಕ್ಕೆ ಯಾರು ಬಂದಿದ್ದರು ಎಂದು ಮಾಲೀಕರನ್ನು ಕೇಳಿ ಎಂದರು. ಕೇಳಿದೆ. ನಿಮ್ಮ ತಕ್ಕಡಿ ಏನು ಮಾಡಿದರು ಗೊತ್ತೇ? ಎರಡು ದಿನ ಬಿಟ್ಟು ಒಂದು ಕಾಗದ ಕಳಿಸಿದರು. ಪಂಪಿಗೆಂದು ತಂದಿಟ್ಟಿದ್ದ ಹಳೆಯ ಡೀಸೆಲ್ ನನ್ನ ಕೈಯಿಂದಲೇ ಚೆಲ್ಲಿತು ಎಂದು ಬರೆದು, ಕೆಳಗೆ ಸಹಿ. ಆ ನೆಲದಲ್ಲಿ ಪಂಪಿಲ್ಲ. ಬಾವಿಯೇ ಇಲ್ಲ.

ಕೊಳ್ಳುವವರು ಅದನ್ನು ಓದಿದರೆ ವ್ಯವಹಾರ ಮುರಿಯುತ್ತದೆ. ಡೀಸೆಲ್ ಚೆಲ್ಲಿದ್ದನ್ನು ಮೊದಲ ಪರೀಕ್ಷೆಯ ಹೊತ್ತಿಗೆ ಮುಚ್ಚಿಟ್ಟವನು ಇನ್ನೇನು ಮುಚ್ಚಿಟ್ಟಿದ್ದಾನೋ ಎನ್ನುತ್ತಾರೆ. ಹೊರಗಿನವರು ತಂದು ಸುರಿದದ್ದು ಎಂದಾದರೆ, ಒಂದು ಗೇಣು ಮಣ್ಣು ತೆಗೆಸಿ ಮುಂದುವರಿಯುತ್ತಾರೆ. ಮೇ 30ಕ್ಕೆ ವರದಿ ಹೋಗಬೇಕು. ಸೋಮವಾರ 27ಕ್ಕೆ ನಾನು ತಟ್ಟೆಯ ವಿಷಯ ಹೇಳುತ್ತೇನೆ. ನನ್ನ ಕೆಲಸದ ಗತಿ ಆಮೇಲೆ ನೋಡೋಣ. ಅದಕ್ಕಿಂತ ಮೊದಲು ನೀವೇ ಹೇಳಿದರೆ ಅದು ಬೇರೆ.

ಅಮ್ಮನಿಗಾಗಿ ಮಾಡಿದೆ ಎಂದು ಮಾತ್ರ ಬರೆಯಬೇಡಿ. ಅವಳು ನೆಲಕ್ಕೆ ಎಣ್ಣೆ ಸುರಿಯುವವಳಲ್ಲ.

ಪುಟ್ಟಿ


ಮೇ 23

ಪುಟ್ಟಿಗೆ,

ಮಧ್ಯಾಹ್ನದಿಂದ ಕುಳಿತು ಬರೆಯುತ್ತಿದ್ದೇನೆ, ಎರಡು ಹಾಳೆ ಹರಿದೆ. ನೀನು ಹೇಳಿದ್ದನ್ನೆಲ್ಲ ನಿಧಾನವಾಗಿಯೇ ಓದಿದೆ. ಗೂಟದ ವಿಷಯ ನನಗೆ ಗೊತ್ತಿರಲಿಲ್ಲ. ಮೂವತ್ತೊಂದು ವರ್ಷ ಬಟ್ಟಲು ತೂಗಿಸಿದವನಿಗೆ ಹಗುರಾದ್ದು ಹಾರಿದರೆ ಹಳೆಯದಾಯಿತು ಎಂದೇ ಲೆಕ್ಕ. ಚೆನ್ನಾಗಿ ಹಿಡಿದೆ. ಬೇರೆ ಯಾರ ಮಗಳಾದರೂ ಆಗಿದ್ದರೆ ನಿನ್ನನ್ನು ಮನಸಾರೆ ಬೈಯುತ್ತಿದ್ದೆ.

ನಿನ್ನೆ ಅವನ ಮನೆಗೆ ಹೋಗಿದ್ದೆ. ಪಶ್ಚಾತ್ತಾಪ ಪಟ್ಟು ಹೋದೆ ಎಂದುಕೊಳ್ಳಬೇಡ. ಮೈ ಉರಿದು ಹೋದೆ. ಪಾಪ ಮಾಡಿದವನು ನಾನು, ಅದಕ್ಕೆ ಸಹಿ ಹಾಕಲು ಅವನು ಯಾರು?

ಬಾಗಿಲು ತೆಗೆದ. ಆಶ್ಚರ್ಯ ಪಡಲಿಲ್ಲ.

"ಬಾ. ಎಷ್ಟು ಮೆಟ್ಟಿಲು ಎಣಿಸಿದೆ?"

"ನಲವತ್ತೆರಡು."

"ನಲವತ್ತಮೂರು. ನಿನ್ನ ಎಣಿಕೆ ಯಾವಾಗಲೂ ಒಂದು ಕಮ್ಮಿ."

ಒಂದೇ ಕೋಣೆ, ಕಿಟಕಿಗೆ ತಾಗಿ ಮಂಚ. ಅವನ ಹೆಂಡತಿ ಬೆನ್ನಿಗೆ ಮೂರು ದಿಂಬು ಇಟ್ಟುಕೊಂಡು ಹೊರಗೆ ನೋಡುತ್ತಿದ್ದಳು. ಎಡಗೈ ಬೇರೆ ಯಾರದೋ ಸಾಮಾನು ಇಟ್ಟಂತೆ ಮಡಿಲಲ್ಲಿ ಬಿದ್ದಿತ್ತು. ಕಿಟಕಿಯಿಂದ ಆ ನೆಲ ಪೂರ್ತಿ ಕಾಣುತ್ತದೆ. ಪಶ್ಚಿಮದ ಗೋಡೆಯೂ. ಅವಳು ನನ್ನನ್ನು ನೋಡಿ ಬಲಗೈ ಎತ್ತಿ, ಕೊಡೆ ಹಿಡಿದ ಹಾಗೆ ಮಾಡಿ, ಇನ್ನೊಂದು ಕಡೆ ಕ್ಯಾನು ಹೊತ್ತವನ ಹಾಗೆ ಭುಜ ವಾಲಿಸಿ ತೋರಿಸಿದಳು. ಅರ್ಧ ಮುಖ ನಗುತ್ತಿತ್ತು. ನಾನು ಕೊಡೆ ಹಿಡಿದು ಎಣ್ಣೆ ಸುರಿಯಲು ಹೋದ ದಿನ ಮಧ್ಯಾಹ್ನ ಎರಡೂವರೆ. ಊರೆಲ್ಲ ಮಲಗಿರುತ್ತದೆ ಎಂದು ಆ ಹೊತ್ತು ಆರಿಸಿದ್ದೆ. ಎರಡು ವರ್ಷದಿಂದ ಮಲಗಿದವಳಿಗೆ ಮಧ್ಯಾಹ್ನದ ನಿದ್ದೆ ಎಲ್ಲಿಂದ ಬರಬೇಕು.

"ಇವಳು ಅವತ್ತೇ ತೋರಿಸಿದಳು. ನಡಿಗೆ ನೋಡಿದ್ದೇ ನೀನು ಅಂತ ಗೊತ್ತಾಯ್ತು" ಎಂದ.

"ಮತ್ತೆ ಯಾಕೆ ಸುಳ್ಳು ಬರೆದೆ?"

"ಪೋಲೀಸು, ವಿಚಾರಣೆ ಅಂತಾದ್ರೆ ಮೊದಲು ಹೋಗೋದು ನಿನ್ನ ಮಗಳ ಕೆಲಸ. ಹುಡುಗಿ ಚೆನ್ನಾಗಿ ಕೆಲಸ ಮಾಡ್ತಾಳೆ. ಬಾಟಲಿ ಮುಚ್ಚಳ ಎರಡು ಬೆರಳಲ್ಲಿ ತೆಗೀತಾಳೆ. ನಿನಗೋಸ್ಕರ ಅಂದ್ಕೊಂಡ್ಯಾ?"

"ನಿನ್ನ ಉಪಕಾರ ಯಾರು ಕೇಳಿದರು?"

"ಅವತ್ತೂ ನೀನು ಕೇಳಿರಲಿಲ್ಲ."

ಅವನ ಹೆಂಡತಿ ನಮ್ಮಿಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದಳು. ಅವಳಿಗೂ ಗೊತ್ತು ಎಂದು ಆಗ ತಿಳಿಯಿತು. ಈ ಪ್ರಪಂಚದಲ್ಲಿ ಗೊತ್ತಿಲ್ಲದೆ ಉಳಿದವರು ಇಬ್ಬರೇ, ನೀನು ಮತ್ತು ನಿನ್ನ ಅಮ್ಮ.

ನೀನು ಎರಡು ಸಲ ಕೇಳಿದೆ. ನನ್ನ ವಿಭಾಗದಲ್ಲಿ ಜೆಲ್ ಮುಗಿದಿರಲಿಲ್ಲ. ನನ್ನ ಕಪಾಟಿನಲ್ಲಿ ಸೀಲ್ ಒಡೆಯದ ಎರಡು ಬಾಟಲಿ ಇದ್ದವು.

ಅಮ್ಮನ ಮಣ್ಣು ಪರೀಕ್ಷೆಗೆ ಬರುವ ಒಂದು ತಿಂಗಳ ಹಿಂದೆ ನಾನು ಒಂದು ಬಟ್ಟಲು ತೂಗಿಸಲು ಅವನ ಕೋಣೆಗೆ ಹೋಗಿದ್ದೆ. ಚೀಟಿ ತಂದಿಲ್ಲ ಎಂದು ಎರಡು ಗಂಟೆ ಓಣಿಯಲ್ಲಿ ನಿಲ್ಲಿಸಿದ್ದ. ನಮ್ಮ ಜವಾನ ಕೂಡ ನೋಡಿ ನಕ್ಕಿದ್ದ. ಆಮೇಲೆ ಒಂದು ದಿನ ಅವನೇ ನನ್ನ ಬಾಗಿಲಿಗೆ ಬಂದ. "ಸ್ವಲ್ಪ ಜೆಲ್ ಬೇಕಿತ್ತು. ಒಂದು ಸ್ಯಾಂಪಲ್, ಎಲೆಗೊಬ್ಬರ ಜಾಸ್ತಿ ಅನ್ಸುತ್ತೆ, ಹಾಗೇ ತೂಗಿದ್ರೆ ಅನ್ಯಾಯ ಆಗುತ್ತೆ" ಎಂದ. ಆ ಮಾತು ನನ್ನ ಕಿವಿಯಲ್ಲಿ ಹಾಗೇ ಇದೆ, ಹೋಗಿರುವ ಕಿವಿಯಲ್ಲೂ ಇದೆ. ನಾನು ಕುರ್ಚಿಯಿಂದ ಏಳದೆ, "ಚೀಟಿ ತಂದಿದ್ದೀರಾ?" ಎಂದೆ.

ಅವನು ಓಣಿ ದಾಟಿ ವಾಪಸು ಹೋದ.

ಸ್ಯಾಂಪಲ್ಲಿಗೆ ಹೆಸರಿರುವುದಿಲ್ಲ, ನಿನಗೆ ಗೊತ್ತಲ್ಲ, ಸಂಖ್ಯೆ ಮಾತ್ರ. ಯಾರ ಮಣ್ಣು ಎಂದು ತೂಗುವವನಿಗೂ ತಿಳಿಯಬಾರದು. ಅವನಿಗೂ ತಿಳಿದಿರಲಿಲ್ಲ, ನನಗೂ ಇಲ್ಲ. ಹದಿನೈದು ದಿನದ ನಂತರ ಅಮ್ಮ ಮನೆಯಲ್ಲಿ ಲಕೋಟೆ ಒಡೆದು ಗಟ್ಟಿಯಾಗಿ ಓದಿದಳು. ಪರೀಕ್ಷೆಯ ದಿನಾಂಕ, ಅವನು ಜೆಲ್ ಕೇಳಿ ಬಂದ ದಿನದ್ದೇ, ಓದಿದಾಗ ನಾನು ಊಟಕ್ಕೆ ಕುಳಿತಿದ್ದೆ. ತಟ್ಟೆಯಿಂದ ಕೈ ಎತ್ತಲಿಲ್ಲ. ಪೂರ್ತಿ ಊಟ ಮಾಡಿದೆ.

ಮರುದಿನವೇ ಎದ್ದು ಡೈರೆಕ್ಟರ ಹತ್ತಿರ ಹೋಗಿ, ಜೆಲ್ ನನ್ನಲ್ಲಿತ್ತು, ಮತ್ತೆ ಪರೀಕ್ಷೆ ಮಾಡಿಸಿ ಎಂದಿದ್ದರೆ ಲಾರಿ ಬರುತ್ತಿರಲಿಲ್ಲ. ಹೋಗಲಿಲ್ಲ. ನಾಳೆ ಎಂದೆ. ಅಷ್ಟರಲ್ಲಿ ಲಾರಿ ಬಂದವು.

ನಿನ್ನೆ ಅವನನ್ನು ಕೇಳಿದೆ, ನೀನು ಯಾಕೆ ಹೇಳಲಿಲ್ಲ ಎಂದು. ಆರು ವರ್ಷ ಅವಳು ನಿನ್ನನ್ನು ಶಪಿಸಿದಳು, ಒಂದು ಸಲ ಬಾಯಿ ಬಿಡಬಹುದಿತ್ತಲ್ಲ. ಅವನು ಹೆಂಡತಿಗೆ ನೀರು ಕುಡಿಸುತ್ತಿದ್ದ, ಗಲ್ಲ ಒರೆಸಿ ಆಮೇಲೆ ಹೇಳಿದ.

"ನನ್ನ ಬೈದ್ರೆ ನನಗೇನು? ನಾನೇನು ಅವರ ಎದುರು ದಿನಾ ಊಟಕ್ಕೆ ಕೂರಬೇಕಿತ್ತಾ? ನೀನು ಕೂರಬೇಕಿತ್ತು."

ಆಮೇಲೆ ಇನ್ನೊಂದು ಮಾತು ಹೇಳಿದ. "ನಾನೂ ಸಾಚಾ ಅಲ್ಲ. ಜೆಲ್ ಹಾಯಿಸಿಲ್ಲ ಅಂತ ವರದಿ ಕೆಳಗೆ ಒಂದು ಷರಾ ಬರೀಬಹುದಿತ್ತು. ನನ್ನ ವಿಭಾಗದಲ್ಲಿ ಸಾಮಾನಿಲ್ಲ ಅಂತ ಊರಿಗೆಲ್ಲ ಯಾಕೆ ಸಾರಲಿ ಅಂತ ಬರೀಲಿಲ್ಲ. ಆ ಒಂದು ಸಾಲಿಗೆ ಈ ಒಂದು ಸಾಲು. ಪಂಪಿನ ಡೀಸೆಲ್ ಅಂತ. ಸರಿಹೋಯ್ತು, ಮನೆಗೆ ಹೋಗು."

ನೋಡಿದೆಯಾ ಅವನ ಠೇಂಕಾರ. ತೂಕ ಸರಿಹೋಯಿತಂತೆ. ಹೆಂಡತಿಯನ್ನು ಮೂರನೇ ಮಹಡಿಯಲ್ಲಿ ಸಾಯಿಸಿಯಾದರೂ ಸರಿ, ತನ್ನ ತಟ್ಟೆ ಮಟ್ಟಕ್ಕೆ ನಿಲ್ಲಬೇಕು. ನಾನು ಬಾಗಿಲಲ್ಲಿ ನಿಂತು ಅಂದೆ, "ನೀನು ಒಂದು ಸಲ ನನ್ನನ್ನು ಉಳಿಸಿದೆ. ಆ ಇಪ್ಪತ್ತೊಂದು ವರ್ಷ ಹೇಗಿತ್ತು ಅಂತ ನಿನಗೆ ಗೊತ್ತಿಲ್ಲ. ಇನ್ನೊಂದು ಸಲ ಉಳಿಸೋಕೆ ನಾನು ಬಿಡಲ್ಲ." ಅವನು, "ಏನು ಮಾಡ್ತೀಯ?" ಎಂದ. "ನಿನ್ನ ಸಹಿ ಸುಳ್ಳು ಅಂತ ಬರೆದುಕೊಡ್ತೀನಿ" ಎಂದೆ. ಮೊದಲ ಸಲ ಅವನ ಮುಖ ಕಪ್ಪಿಟ್ಟಿತು. ಎ ಮ್ಯಾನ್ ಆಫ್ ಪ್ರಿಸಿಷನ್. ಅವನ ಹೆಂಡತಿ ಮಾತ್ರ ಬಲಗೈಯಿಂದ ಹೋಗು, ಹೋಗು, ಬೇಗ ಹೋಗಿ ಬರೆ ಎಂಬಂತೆ ನನಗೆ ಸನ್ನೆ ಮಾಡಿದಳು.

ಮೆಟ್ಟಿಲಿಳಿಯುವಾಗ ಮತ್ತೆ ಎಣಿಸಿದೆ. ನಲವತ್ತಮೂರೇ.

ಇದರ ಜೊತೆ ಇನ್ನೊಂದು ಹಾಳೆ ಇದೆ. ಅದನ್ನು ನಿನ್ನ ಮುಖ್ಯಸ್ಥರಿಗೆ ಕೊಡು, ಸೋಮವಾರದವರೆಗೆ ಕಾಯಬೇಡ. ಏಪ್ರಿಲ್ 24ರ ಮಧ್ಯಾಹ್ನ ಎರಡೂವರೆ ಗಂಟೆಗೆ, ಏಳು ವಾರ ಬಿಸಿಲಿನಲ್ಲಿ ಒಣಗಿಸಿದ ಡೀಸೆಲ್ಲನ್ನು ಪಶ್ಚಿಮದ ಗೋಡೆಯ ಬಳಿ ಸುರಿದವನು ನಾನು, ನಾನೊಬ್ಬನೇ, ನನ್ನ ಮಗಳಿಗೆ ತಿಳಿಸದೆ, ಎಂದು ಬರೆದಿದ್ದೇನೆ. ತಟ್ಟೆಗಳ ಅಳತೆಯನ್ನೂ ಕೊಟ್ಟಿದ್ದೇನೆ, ಅನುಮಾನ ಬರಬಾರದಲ್ಲ. ಅದರ ಕೆಳಗೆ, ನೆಲದ ಮಾಲೀಕರು ಕೊಟ್ಟಿರುವ ಕಾಗದ ಸುಳ್ಳು ಎಂದು ಬರೆದಿದ್ದೇನೆ. ಇಪ್ಪತ್ತೊಂದು ವರ್ಷದಿಂದ ಬರೆಯಬೇಕೆಂದಿದ್ದ ವಾಕ್ಯ ಮಗು ಅದು, ಇವನು ಸಹಿ ಹಾಕಿದ್ದು ಸುಳ್ಳು ಎಂದು. ಅದನ್ನು ಬರೆಯಲು ಅದರ ಮೇಲಿನ ಸಾಲಿನಲ್ಲಿ ನನ್ನನ್ನು ಬರೆಯಬೇಕಾಯಿತು. ಬರೆದೆ. ಎರಡೂ ಸಾಲನ್ನು ಒಂದೇ ಕೈಯಲ್ಲಿ, ಒಂದೇ ಶಾಯಿಯಲ್ಲಿ. ನನಗೆ ಅವನ ಮೇಲಿನ ಸಿಟ್ಟು ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಅವನು ನೆಲಮಟ್ಟದ ಮನೆಯಲ್ಲಿ ನೂರು ವರ್ಷ ಬದುಕಿ ನನ್ನ ಋಣದಲ್ಲಿ ಸಾಯಲಿ.

ಅಮ್ಮನ ವಿಷಯ ನಿನಗೆ ಬರೆದದ್ದು ಈ ಪತ್ರದಲ್ಲಿ ಮಾತ್ರ ಇದೆ. ಅದನ್ನು ಯಾರಿಗೆ ಕೊಡಬೇಕೋ ಅವಳಿಲ್ಲ. ನೀನು ಹರಿಯಬೇಡ. ಇನ್ನು ಮೇಲೆ ನೀನು ಬರುವುದಿಲ್ಲ ಎಂದರೆ ನಾನು ಕೇಳಲಾರೆ, ಆದರೆ ಬರುವುದಾದರೆ

ಸಾಲು ಎಲ್ಲಿಗೆ ಬಂತು ಎಂದು ಕಾಣುತ್ತಿಲ್ಲ. ಕಿಟಕಿಯ ಬೆಳಕು ಹೋಗುತ್ತಿದೆ, ದೀಪ ಹಾಕಲು ಎದ್ದರೆ ಮತ್ತೆ ಕೂರುತ್ತೇನೋ ಇಲ್ಲವೋ. ಆ ಇನ್ನೊಂದು ಹಾಳೆಗೆ ಈಗಲೇ ಸಹಿ ಹಾಕಿಬಿಡುತ್ತೇನೆ. ಗೆರೆಯಿಂದ ಆಚೀಚೆ ಹೋಗಿದ್ದರೆ ಅದು ಬೆಳಕಿಲ್ಲದ್ದಕ್ಕೆ, ಮನಸ್ಸಿಲ್ಲದ್ದಕ್ಕಲ್ಲ ಎಂದು ನಿನ್ನ ಮುಖ್ಯಸ್ಥರಿಗೆ ಹೇಳು.

ಅಪ್ಪ